ಘಟ್ಟದ ಏರು ಮತ್ತು ಸೈಕಲ್ಲಿನ ಭಾರ: ಕೊಟ್ಟಿಗೆಹಾರದಿಂದ ಒಂದು ಪರಿಶೀಲನೆ

೧

ಬೈಸಿಕಲ್ಲಿನ ಚರಿತ್ರೆಯನ್ನು ಭಾರವು ಕ್ರಮಕ್ರಮವಾಗಿ ಇಳಿಯುತ್ತ ಬಂದ ಕಥೆಯಾಗಿ ನಿರೂಪಿಸುವುದು ವಾಡಿಕೆಯಾಗಿದೆ. ಮರವು ಹೋಗಿ ಕಬ್ಬಿಣ ಬಂದಿತು. ಕಬ್ಬಿಣವು ಹೋಗಿ ಉಕ್ಕಿನ ಕೊಳವೆ ಬಂದಿತು. ಬಳಿಕ ಅಲ್ಯೂಮಿನಿಯಂ, ಟೈಟೇನಿಯಂ, ಕೊನೆಗೆ ಕಾರ್ಬನ್ನಿನ ಎಳೆ. ಯಂತ್ರವು ಹಗುರವಾದಷ್ಟೂ ಉತ್ತಮವಾಯಿತೆಂಬುದು ಈ ನಿರೂಪಣೆಯ ತಿರುಳು. ಇಂದಿನ ಪೇಟೆಯೂ ಇದೇ ನಂಬಿಕೆಯ ಮೇಲೆ ನಿಂತಿದೆ. ಸೀಟಿನ ಕಂಬದಲ್ಲಿ ಇನ್ನೂರು ಗ್ರಾಂ, ಹ್ಯಾಂಡಲಿನಲ್ಲಿ ನೂರು ಗ್ರಾಂ ಉಳಿಸುವುದಕ್ಕಾಗಿ ಸಾವಿರಾರು ರೂಪಾಯಿಗಳನ್ನು ತೆರುವವರಿದ್ದಾರೆ. ಈ ವೆಚ್ಚವು ಸಾರ್ಥಕವೇ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಅಂಗಡಿಯ ಪ್ರಶ್ನೆಯಾಗಿ ತೋರಿದರೂ, ಯಂತ್ರದ ‘ಪ್ರಗತಿ’ಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬ ಚರಿತ್ರೆಯ ಪ್ರಶ್ನೆಯೂ ಅದರಲ್ಲಿ ಅಡಗಿದೆ. ಪ್ರಸ್ತುತ ಲೇಖನದಲ್ಲಿ ಈ ಎರಡನ್ನೂ ಒಟ್ಟಿಗೆ ವಿಚಾರಿಸಲು ಉದ್ದೇಶಿಸಿದ್ದೇವೆ.

ಇಂತಹ ವಿಚಾರವನ್ನು ಬಯಲಿನಲ್ಲಿ ಕುಳಿತು ಮಾಡಿದರೆ ಫಲವು ಸ್ವಲ್ಪ. ಸಮತಲದಲ್ಲಿ ಸವಾರನಿಗೆ ಎದುರಾಗುವ ಮುಖ್ಯ ವಿರೋಧವು ಗಾಳಿಯದು. ಭಾರದ ಪಾತ್ರವು ಅಲ್ಲಿ ಅಲ್ಪವಾದುದು. ಭಾರವು ತನ್ನ ನಿಜವಾದ ಬೆಲೆಯನ್ನು ಕೇಳುವುದು ಏರಿನಲ್ಲಿ. ಆದುದರಿಂದ ನಾವು ಕೊಟ್ಟಿಗೆಹಾರವನ್ನು ಪರೀಕ್ಷಾಸ್ಥಳವಾಗಿ ಆರಿಸಿಕೊಂಡಿದ್ದೇವೆ. ಮೂಡಿಗೆರೆ ತಾಲ್ಲೂಕಿಗೆ ಸೇರಿದ ಈ ಸಣ್ಣ ಊರು ಚಾರ್ಮಾಡಿ ಘಟ್ಟದ ನೆತ್ತಿಯಲ್ಲಿದೆ. ಕೆಳಗೆ ಬೆಳ್ತಂಗಡಿ ತಾಲ್ಲೂಕಿನ ಅಡಿಕೆಯ ತೋಟಗಳು, ಮೇಲೆ ಕಾಫಿಯ ಸೀಮೆ. ಮಂಗಳೂರಿನ ಕಡೆಯಿಂದ ಏರಿ ಬಂದ ರಸ್ತೆಯು ಇಲ್ಲಿ ಕವಲೊಡೆದು, ಒಂದು ಮೂಡಿಗೆರೆಯ ಕಡೆಗೂ ಇನ್ನೊಂದು ಕಳಸ, ಹೊರನಾಡುಗಳ ಕಡೆಗೂ ಸಾಗುತ್ತದೆ. ಊರಿನ ಹೆಸರಿನಲ್ಲಿಯೇ ದನಗಳ ಕೊಟ್ಟಿಗೆಯ ಧ್ವನಿಯಿದೆ. ಆದರೆ ಕೇವಲ ಸ್ಥಳನಾಮದ ಮೇಲೆ ಚರಿತ್ರೆಯನ್ನು ಕಟ್ಟುವುದು ಸಾಧುವಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ. ಘಟ್ಟದ ತುದಿಯಲ್ಲಿ ಪ್ರಾಣಿಗಳೂ ಮನುಷ್ಯರೂ ಹೊರೆಯಿಳಿಸಿ ದಣಿವಾರಿಸಿಕೊಳ್ಳುವುದು ಸಹಜವೆಂಬುದಷ್ಟು ನಮಗೆ ಸಾಕು.

೨

ಸೈಕಲ್ಲು ಬರುವುದಕ್ಕೆ ಬಹಳ ಮುಂಚೆಯೇ ಈ ಘಟ್ಟಗಳಲ್ಲಿ ಭಾರದ ಪ್ರಶ್ನೆಯು ಉದ್ಭವಿಸಿದ್ದಿತು. ಹಳೆಯ ಘಟ್ಟಮಾರ್ಗಗಳಲ್ಲಿ ಸರಕು ಸಾಗುತ್ತಿದ್ದುದು ಹೇರೆತ್ತುಗಳ ಬೆನ್ನಿನ ಮೇಲೆ. ಕರಾವಳಿಯ ಉಪ್ಪು ಮೇಲಕ್ಕೆ ಬರುತ್ತಿದ್ದಿತು. ಅಕ್ಕಿ, ಅಡಿಕೆ, ಮೆಣಸು, ಏಲಕ್ಕಿಗಳು ಕೆಳಕ್ಕೆ ಇಳಿಯುತ್ತಿದ್ದವು. ೧೮೦೦-೦೧ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳಲ್ಲಿ ಸಂಚರಿಸಿ ೧೮೦೭ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ನನ ಬರವಣಿಗೆಯಲ್ಲಿ ಎತ್ತಿನ ಹೇರು ಸರಕಿನ ಒಂದು ಅಳತೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಹೇರೆತ್ತಿಗೆ ಚಕ್ರವಿಲ್ಲ, ನೊಗವಿಲ್ಲ, ಅಚ್ಚಿಲ್ಲ. ಗೋಣಿಯ ತೂಕವೊಂದನ್ನು ಕಳೆದರೆ ಅದು ಹೊರುವುದೆಲ್ಲವೂ ಸರಕೇ. ವಾಹನದ ಸ್ವಂತ ಭಾರವನ್ನು ಮಾತ್ರ ಗಣಿಸುವುದಾದರೆ ಇದಕ್ಕಿಂತ ಹಗುರವಾದ ಸಾಗಣೆಯು ಮತ್ತೊಂದಿಲ್ಲ.

ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಹೇರೆತ್ತನ್ನು ಹಿಂದಕ್ಕೆ ಸರಿಸಿದುದು ಅದಕ್ಕಿಂತ ಎಷ್ಟೋ ಭಾರವಾದ ಜೋಡೆತ್ತಿನ ಗಾಡಿ. ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಕಾಲದಲ್ಲಿ (೧೮೩೪–೧೮೬೧) ಮೈಸೂರು ಸಂಸ್ಥಾನದಲ್ಲಿ ರಸ್ತೆಗಳು ವಿಸ್ತಾರಗೊಂಡವು. ಕರಾವಳಿಯ ಕಡೆಗೆ ಇಳಿಯುವ ಘಟ್ಟದ ದಾರಿಗಳಿಗೂ ಗಮನ ದೊರೆಯಿತು. ಚಾರ್ಮಾಡಿಯ ವಿಷಯದಲ್ಲಿ ಒಂದು ವಿಶೇಷವಿದೆ: ೧೯೫೬ರ ನವೆಂಬರ್ ೧ರವರೆಗೆ ಘಟ್ಟದ ಮೇಲ್ಭಾಗವು ಮೈಸೂರಿಗೂ ಕೆಳಭಾಗವು ಮದರಾಸಿನ ದಕ್ಷಿಣ ಕೆನರಾ ಜಿಲ್ಲೆಗೂ ಸೇರಿದ್ದಿತು. ಒಂದೇ ಏರನ್ನು ಎರಡು ಸರ್ಕಾರಗಳು ಕಾಯಬೇಕಾಗಿದ್ದಿತು. ಹೀಗೆ ಕಡಿದ ರಸ್ತೆಯು ಹೇರೆತ್ತಿನ ಕಾಲುದಾರಿಯಂತೆ ನೇರವಾಗಿ ಬೆಟ್ಟವನ್ನು ಹತ್ತಲಿಲ್ಲ. ತಿರುವುಗಳಲ್ಲಿ ಬಳಸುತ್ತ, ದೂರವನ್ನು ಹೆಚ್ಚಿಸಿಕೊಂಡು, ಇಳಿಜಾರನ್ನು ತಗ್ಗಿಸಿಕೊಂಡಿತು. ಏರು ಸೌಮ್ಯವಾದೊಡನೆ ಅದೇ ಎರಡು ಎತ್ತುಗಳು ಬೆನ್ನ ಮೇಲೆ ಹೊರುತ್ತಿದ್ದುದಕ್ಕಿಂತ ಹಲವು ಪಟ್ಟು ಸರಕನ್ನು ಗಾಡಿಯಲ್ಲಿ ಎಳೆಯಲು ಸಮರ್ಥವಾದವು. ಗಾಡಿಯ ಮರ, ಕಬ್ಬಿಣದ ಪಟ್ಟಿ, ಅಚ್ಚುಗಳ ಭಾರವು ಹೆಚ್ಚುವರಿಯಾಗಿ ಬಂದರೂ ಸಾಗಣೆಯು ಅಗ್ಗವಾಯಿತು. ವಾಹನದ ಭಾರವು ಏರಿಯೂ ಕೆಲಸವು ಸುಲಭವಾದ ಈ ನಿದರ್ಶನವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಇದೇ ದಾರಿಯಲ್ಲಿ ಇಳಿದ ಕಾಫಿಯು ನಮಗೆ ಇನ್ನೊಂದು ಪಾಠವನ್ನು ಹೇಳುತ್ತದೆ. ಸುಮಾರು ಆರು ಕಿಲೋಗ್ರಾಂ ಮಾಗಿದ ಹಣ್ಣಿನಿಂದ ದೊರೆಯುವ ಶುದ್ಧ ಬೀಜವು ಒಂದು ಕಿಲೋಗ್ರಾಂ ಮಾತ್ರ. ಹಣ್ಣನ್ನೇ ಮಂಗಳೂರಿಗೆ ಸಾಗಿಸಿದರೆ ಗಾಡಿಯ ಬಹುಪಾಲು ನೀರನ್ನೂ ಸಿಪ್ಪೆಯನ್ನೂ ಹೊತ್ತಂತಾಗುತ್ತದೆ. ಆದ್ದರಿಂದ ತೋಟದಲ್ಲಿಯೇ ಪಲ್ಪಿಂಗ್ ಮಾಡಿ, ತೊಳೆದು, ಕಣದಲ್ಲಿ ಒಣಗಿಸಿ, ಭಾರದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಘಟ್ಟದ ಮೇಲೆಯೇ ಕಳೆಯುವುದು ರೂಢಿಯಾಯಿತು. ಆದರೆ ಬೀಜಕ್ಕೆ ಅಂಟಿಕೊಂಡ ಪಾರ್ಚ್‌ಮೆಂಟಿನ ಹೊಟ್ಟನ್ನು ಅಲ್ಲಿ ತೆಗೆಯಲಿಲ್ಲ. ಒಟ್ಟು ತೂಕದಲ್ಲಿ ಐದನೆಯ ಒಂದು ಪಾಲಿನಷ್ಟಿರುವ ಆ ಹೊಟ್ಟನ್ನು ಬೇಕೆಂದೇ ಹೊತ್ತು, ಕರಾವಳಿಯ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬಿಡಿಸಿದರು. ಏಕೆಂದರೆ ದಾರಿಯಲ್ಲಿಯೂ ದಾಸ್ತಾನಿನಲ್ಲಿಯೂ ಬೀಜವನ್ನು ಕಾಯುತ್ತಿದ್ದುದು ಅದೇ. ತೆಗೆಯಬಹುದಾದ ಭಾರವೆಲ್ಲ ತೆಗೆಯತಕ್ಕ ಭಾರವಲ್ಲವೆಂಬ ಈ ವಿವೇಕವು ಮುಂದೆ ಸೈಕಲ್ಲಿನ ವಿಚಾರದಲ್ಲಿಯೂ ಉಪಯೋಗಕ್ಕೆ ಬರುತ್ತದೆ.

೩

ಈಗ ಯಂತ್ರದ ಚರಿತ್ರೆಗೆ ಬರೋಣ. ೧೮೧೭ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸನು ಓಡಿಸಿದ ಮರದ ಗಾಡಿಯು ಇಪ್ಪತ್ತು ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತಿದ್ದಿತು. ಅದಕ್ಕೆ ಪೆಡಲುಗಳಿರಲಿಲ್ಲ, ಕಾಲಿನಿಂದ ನೆಲವನ್ನು ಒದೆಯಬೇಕಾಗಿದ್ದಿತು. ೧೮೬೦ರ ದಶಕದಲ್ಲಿ ಫ್ರಾನ್ಸಿನಲ್ಲಿ ಪೆಡಲು ಸೇರಿದಾಗ ಯಂತ್ರವು ಕಬ್ಬಿಣದ್ದಾಗಿ, ಇನ್ನಷ್ಟು ಭಾರವಾಯಿತು. ಹಗುರವಾಗುತ್ತ ಬಂದ ಕಥೆಯು ತನ್ನ ಮೊದಲನೆಯ ಮೆಟ್ಟಿಲಿನಲ್ಲಿಯೇ ಎಡವುತ್ತದೆಯೆಂಬುದನ್ನು ಗಮನಿಸಬೇಕು. ೧೮೭೦ರ ದಶಕದ ಎತ್ತರದ ಮುಂಚಕ್ರದ ಸೈಕಲ್ಲಿನಲ್ಲಿ ಪೆಡಲು ನೇರವಾಗಿ ಚಕ್ರಕ್ಕೇ ಜೋಡಣೆಯಾಗಿದ್ದುದರಿಂದ, ಒಂದು ತುಳಿತಕ್ಕೆ ಹೆಚ್ಚು ದೂರ ಹೋಗಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕಾಗಿದ್ದಿತು. ೧೮೮೫ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ತಯಾರಿಸಿದ ‘ರೋವರ್’ ಸೈಕಲ್ಲು ಚೈನಿನ ಮೂಲಕ ಹಿಂಚಕ್ರವನ್ನು ತಿರುಗಿಸಿ ಈ ಕಟ್ಟನ್ನು ಬಿಡಿಸಿತು. ೧೮೮೮ರಲ್ಲಿ ಡನ್‌ಲಪ್ಪನ ಗಾಳಿಯ ಟೈರು ಬಂದಿತು. ಇವೆರಡರಲ್ಲಿ ಯಾವುದೂ ಭಾರವನ್ನು ಇಳಿಸುವ ಸಲುವಾಗಿ ಹುಟ್ಟಿದುದಲ್ಲ. ಆದರೂ ಸೈಕಲ್ಲನ್ನು ಜನಸಾಮಾನ್ಯರ ವಾಹನವನ್ನಾಗಿ ಮಾಡಿದುವು ಇವೇ.

ಭಾರವನ್ನು ಇಳಿಸುವ ಉದ್ದೇಶಪೂರ್ವಕವಾದ ಪ್ರಯತ್ನವೂ ನಡೆಯಿತೆಂಬುದು ನಿಜ. ೧೮೯೭ರಲ್ಲಿ ರೆನಾಲ್ಡ್ಸ್ ಸಂಸ್ಥೆಯವರು ತುದಿಗಳಲ್ಲಿ ದಪ್ಪವಾಗಿಯೂ ನಡುವೆ ತೆಳುವಾಗಿಯೂ ಇರುವ ಉಕ್ಕಿನ ಕೊಳವೆಗೆ ಪೇಟೆಂಟು ಪಡೆದರು; ೧೯೩೫ರಲ್ಲಿ ಅವರ ‘೫೩೧’ ಎಂಬ ಪ್ರಸಿದ್ಧ ಕೊಳವೆಯು ಹೊರಬಂದಿತು. ಒತ್ತಡವು ಬೀಳುವ ಬೆಸುಗೆಯ ಕಡೆ ಲೋಹವನ್ನು ಉಳಿಸಿ, ಬೇಡವಾದಲ್ಲಿ ತೆಗೆಯುವ ಈ ಕ್ರಮವು ಹಗುರತನದ ವಿವೇಕಯುತ ರೂಪವೆಂದು ನಾವು ಭಾವಿಸುತ್ತೇವೆ. ೧೯೭೨ರಲ್ಲಿ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯ ದಾಖಲೆಗಾಗಿ ಏರಿದ ಸೈಕಲ್ಲು ಆರು ಕಿಲೋಗ್ರಾಂಗಿಂತ ಕಡಿಮೆ ತೂಗುತ್ತಿದ್ದಿತು. ಕೊನೆಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ ೨೦೦೦ದಲ್ಲಿ ಸ್ಪರ್ಧೆಯ ಸೈಕಲ್ಲು ೬.೮ ಕಿಲೋಗ್ರಾಂಗಿಂತ ಕಡಿಮೆಯಿರಕೂಡದೆಂದು ವಿಧಿಸಿತು. ಅಲ್ಲಿಂದ ಮುಂದಕ್ಕೆ ಸ್ಪರ್ಧೆಯ ಮಟ್ಟಿಗೆ ಹಗುರತನಕ್ಕೆ ಒಂದು ನೆಲೆ ಬಿದ್ದಿತು. ೨೦೧೮ರಲ್ಲಿ ರಸ್ತೆಸ್ಪರ್ಧೆಗಳಿಗೆ ಡಿಸ್ಕ್ ಬ್ರೇಕುಗಳು ವಿಧಿವತ್ತಾಗಿ ಸೇರಿದಾಗ, ಸವಾರರು ಹೆಚ್ಚು ಭಾರವಾದ ಬ್ರೇಕನ್ನು ಒಪ್ಪಿಕೊಂಡರು. ಮಳೆಯಲ್ಲಿ ನಂಬಿಕೆಯಿಂದ ನಿಲ್ಲಿಸುವ ಶಕ್ತಿಗಾಗಿ ಕೆಲವು ನೂರು ಗ್ರಾಂಗಳನ್ನು ಹಿಂದಕ್ಕೆ ಕೊಟ್ಟುದು ಈ ಚರಿತ್ರೆಯಲ್ಲಿ ಉಪೇಕ್ಷಿಸತಕ್ಕ ಘಟನೆಯಲ್ಲ.

೪

ಇನ್ನು ಲೆಕ್ಕವನ್ನು ನೋಡೋಣ. ಘಟ್ಟದ ಬುಡದಿಂದ ನೆತ್ತಿಗೆ ಒಟ್ಟು ಏರಿಕೆಯನ್ನು ಲೆಕ್ಕದ ಸೌಕರ್ಯಕ್ಕಾಗಿ ೮೦೦ ಮೀಟರ್ ಎಂದು ಇಟ್ಟುಕೊಳ್ಳುತ್ತೇವೆ. ಸವಾರನು ೬೫ ಕಿಲೋಗ್ರಾಂ, ಅವನ ಹಳೆಯ ಮಾದರಿಯ ಉಕ್ಕಿನ ಸೈಕಲ್ಲು ೨೦ ಕಿಲೋಗ್ರಾಂ; ಒಟ್ಟು ೮೫. ಅಭ್ಯಾಸವುಳ್ಳ ಸಾಮಾನ್ಯ ಮನುಷ್ಯನು ದೀರ್ಘಕಾಲ ಕೊಡಬಲ್ಲ ಶಕ್ತಿಯು ೧೨೦ ವಾಟ್ ಎಂದು ಹಿಡಿಯೋಣ. ಗಾಳಿ ಮತ್ತು ಟೈರಿನ ಘರ್ಷಣೆಯನ್ನು ಬಿಟ್ಟು, ಭಾರವನ್ನು ಎತ್ತುವುದಕ್ಕೇ ಅವನಿಗೆ ಸುಮಾರು ೯೩ ನಿಮಿಷ ಹಿಡಿಯುತ್ತದೆ. ಅವನು ೮ ಕಿಲೋಗ್ರಾಮಿನ ಸೈಕಲ್ಲನ್ನು ಏರಿದರೆ ಈ ಕಾಲವು ೮೦ ನಿಮಿಷಕ್ಕೆ ಇಳಿಯುತ್ತದೆ. ಹನ್ನೆರಡು ಕಿಲೋಗ್ರಾಂ ಉಳಿತಾಯಕ್ಕೆ ಹದಿಮೂರು ನಿಮಿಷ: ಇದು ಅಲಕ್ಷಿಸುವಂತಹುದಲ್ಲ. ಆದರೆ ಇದೇ ಲೆಕ್ಕದಂತೆ ಒಂದು ಕಿಲೋಗ್ರಾಮಿಗೆ ದೊರೆಯುವುದು ೬೫ ಸೆಕೆಂಡು. ಇನ್ನೂರು ಗ್ರಾಮಿಗೆ ೧೩ ಸೆಕೆಂಡು. ಒಂದು ಲೀಟರು ನೀರೇ ಒಂದು ಕಿಲೋಗ್ರಾಂ ತೂಗುತ್ತದೆ. ಆಷಾಢದ ಮಳೆಯಲ್ಲಿ ನೆನೆದ ಬಟ್ಟೆ, ಚಕ್ರಕ್ಕೆ ಮೆತ್ತಿದ ಕೆಸರು ಇವುಗಳ ಮುಂದೆ ದುಬಾರಿ ಸೀಟುಕಂಬದ ಉಳಿತಾಯವು ಲೆಕ್ಕಕ್ಕೇ ಬಾರದು.

ಚಕ್ರದ ಅಂಚಿನ ಭಾರವು ಉಳಿದೆಡೆಯ ಭಾರಕ್ಕಿಂತ ಇಮ್ಮಡಿಯೆಂಬ ಮಾತು ಸವಾರರಲ್ಲಿ ಪ್ರಚಲಿತವಾಗಿದೆ. ವೇಗವನ್ನು ಥಟ್ಟನೆ ಹೆಚ್ಚಿಸುವ ಕ್ಷಣದಲ್ಲಿ ಮಾತ್ರ ಅದು ನಿಜ. ಒಂದೇ ಸಮನಾಗಿ ಏರುವಾಗ ರಿಮ್ಮಿನ ಗ್ರಾಮೂ ಸೀಟಿನ ಗ್ರಾಮೂ ಒಂದೇ ಬೆಲೆಯವು.

ಇಲ್ಲಿ ಮುಖ್ಯವಾದ ಪ್ರಶ್ನೆಯೊಂದು ಉದ್ಭವಿಸುತ್ತದೆ. ಮೇಲಿನ ಸವಾರನು ಆ ೧೨೦ ವಾಟ್ ಶಕ್ತಿಯನ್ನು ಪೆಡಲಿನ ಮೂಲಕ ಕೊಡುವುದು ಸಾಧ್ಯವೇ? ಮುಂದಿನ ಹಲ್ಲುಚಕ್ರದಲ್ಲಿ ೪೪ ಹಲ್ಲು, ಹಿಂದಿನದರಲ್ಲಿ ೧೮ ಹಲ್ಲು, ಚಕ್ರದ ಸುತ್ತಳತೆ ೨.೨ ಮೀಟರ್ ಎಂದರೆ ಒಂದು ಸುತ್ತು ತುಳಿದಾಗ ಸೈಕಲ್ಲು ಸುಮಾರು ೫.೪ ಮೀಟರ್ ಮುಂದುವರಿಯುತ್ತದೆ. ನೂರಕ್ಕೆ ಆರರ ಏರಿನಲ್ಲಿ, ಟೈರಿನ ಘರ್ಷಣೆಯನ್ನೂ ಸೇರಿಸಿದರೆ, ಅವನ ವೇಗವು ಗಂಟೆಗೆ ೭.೪ ಕಿಲೋಮೀಟರ್, ನಿಮಿಷಕ್ಕೆ ೨೩ ತುಳಿತ. ಅಷ್ಟು ನಿಧಾನವಾಗಿ ಅಷ್ಟು ಬಲವಾಗಿ ತುಳಿಯುವುದು ಮೊಣಕಾಲಿಗೆ ಶಿಕ್ಷೆ. ಸ್ವಲ್ಪ ದೂರದಲ್ಲಿಯೇ ಅವನು ಇಳಿದು ತಳ್ಳತೊಡಗುತ್ತಾನೆ. ೮ ಕಿಲೋಗ್ರಾಮಿನ ಸೈಕಲ್ಲಿಗೆ ಇದೇ ಹಲ್ಲುಗಳಿದ್ದರೆ ತುಳಿತವು ೨೩ರಿಂದ ೨೭ಕ್ಕೆ ಏರುತ್ತದೆ, ಅಷ್ಟೇ. ಅದಕ್ಕೆ ಪ್ರತಿಯಾಗಿ, ಹಳೆಯ ಭಾರದ ಸೈಕಲ್ಲಿಗೇ ಮುಂದೆ ಹಿಂದೆ ಸಮನಾದ ಹಲ್ಲುಗಳ ಒಂದು ಗೇರನ್ನು ಕೊಟ್ಟರೆ ತುಳಿತವು ನಿಮಿಷಕ್ಕೆ ೫೬ ಆಗುತ್ತದೆ. ಮನುಷ್ಯನು ಕುಳಿತೇ ಏರಬಲ್ಲನು. ಹನ್ನೆರಡು ಕಿಲೋಗ್ರಾಂ ಇಳಿಸಿ ಸಾಧಿಸಲಾಗದುದನ್ನು ಕೆಲವು ಹಲ್ಲುಗಳ ವ್ಯತ್ಯಾಸವು ಸಾಧಿಸಿತು.

ರಸ್ತೆಯ ತಿರುವೂ ಗೇರೂ ಒಂದೇ ತತ್ತ್ವದ ಎರಡು ರೂಪಗಳು. ಘಟ್ಟದ ರಸ್ತೆಯು ದೂರವನ್ನು ಹೆಚ್ಚಿಸಿ ಎತ್ತಿನ ಎಳೆತವನ್ನು ತಗ್ಗಿಸಿತು. ಗೇರು ತುಳಿತಗಳ ಸಂಖ್ಯೆಯನ್ನು ಹೆಚ್ಚಿಸಿ ಕಾಲಿನ ಒತ್ತಡವನ್ನು ತಗ್ಗಿಸುತ್ತದೆ. ಏರುಬೀಳುಗಳ ಊರಾದ ಫ್ರಾನ್ಸಿನ ಸೇಂತ್ ಎತಿಯೆನ್ನಿನಲ್ಲಿ ವಾಸಿಸುತ್ತಿದ್ದ ಪೋಲ್ ದ ವಿವಿಯು (೧೮೫೩–೧೯೩೦) ತನ್ನ ಪತ್ರಿಕೆಯಲ್ಲಿ ದಶಕಗಳ ಕಾಲ ಗೇರುಗಳ ಪರವಾಗಿ ವಾದಿಸಿದನು. ಫ್ರಾನ್ಸಿನ ಮಹಾಸ್ಪರ್ಧೆಯಾದ ಟೂರ್ ದ ಫ್ರಾನ್ಸ್ ೧೯೦೩ರಲ್ಲಿ ಆರಂಭವಾಗಿ ೧೯೧೦ರಲ್ಲಿ ಪಿರೆನೀಸ್ ಪರ್ವತದ ಎತ್ತರದ ಕಣಿವೆದಾರಿಗಳನ್ನು ಏರಿದರೂ, ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಸಾಧನವನ್ನು ಎಲ್ಲ ಸ್ಪರ್ಧಿಗಳಿಗೂ ತೆರೆದುದು ೧೯೩೭ರಲ್ಲಿ. ಸ್ಪರ್ಧೆಯ ವ್ಯವಸ್ಥಾಪಕರು ಸುಲಭವಾದ ಏರನ್ನು ಪೌರುಷದ ಕೊರತೆಯೆಂದು ಎಣಿಸಿದರು. ಬೆಟ್ಟದ ಊರಿನ ನಿತ್ಯಸವಾರನು ಅದನ್ನು ಅವಶ್ಯಕತೆಯೆಂದು ಕಂಡನು. ಯಂತ್ರದ ಚರಿತ್ರೆಯನ್ನು ಸ್ಪರ್ಧೆಯ ಕಡೆಯಿಂದ ಮಾತ್ರ ಬರೆದರೆ ಈ ಎರಡನೆಯವನು ಅದರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

೫

ಏರಿದವನು ಇಳಿಯಲೇಬೇಕು. ೮೫ ಕಿಲೋಗ್ರಾಂ ಭಾರವು ೮೦೦ ಮೀಟರ್ ಇಳಿಯುವಾಗ, ಏರುವಾಗ ವ್ಯಯವಾದಷ್ಟೇ ಶಕ್ತಿಯು ಗಾಳಿಯಲ್ಲಿಯೂ ಟೈರಿನಲ್ಲಿಯೂ ಬ್ರೇಕಿನಲ್ಲಿಯೂ ಕರಗಬೇಕು. ಹೇರು ತುಂಬಿದ ಗಾಡಿಯು ಕಾಫಿಯೊಡನೆ ಇಳಿಯುವಾಗಲೂ ಎತ್ತುಗಳ ಕಷ್ಟವು ಎಳೆತದ್ದಾಗಿರದೆ ತಡೆತದ್ದಾಗಿದ್ದಿತು. ಚಾರ್ಮಾಡಿಯಂತಹ ಮಳೆಯ ಘಟ್ಟದಲ್ಲಿ, ಉಕ್ಕಿನ ರಿಮ್ಮಿಗೆ ರಬ್ಬರಿನ ಗುಳಿಗೆಯನ್ನು ಒತ್ತುವ ಹಳೆಯ ಕಡ್ಡಿಬ್ರೇಕು ಒದ್ದೆಯಾದೊಡನೆ ತನ್ನ ಹಿಡಿತದ ಬಹುಭಾಗವನ್ನು ಕಳೆದುಕೊಳ್ಳುತ್ತದೆ. ಅಲ್ಯೂಮಿನಿಯಮ್ಮಿನ ರಿಮ್ಮು ಒದ್ದೆಯಲ್ಲಿಯೂ ಅದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಅದು ಹಗುರವೂ ಹೌದು. ಹಗುರವಾದ ಭಾಗವೇ ಭದ್ರವೂ ಆಗಿರುವ ಅಪೂರ್ವ ಸಂದರ್ಭವಿದು. ಆದರೆ ಬ್ರೇಕಿನ ಗುಳಿಗೆ ನೇರವಾಗಿ ಒತ್ತುವ ಕಾರ್ಬನ್ನಿನ ರಿಮ್ಮು ಇನ್ನೂ ಹಗುರವಾಗಿದ್ದರೂ, ದೀರ್ಘವಾದ ಇಳಿಜಾರಿನ ಕಾವು ಅದಕ್ಕೆ ಹಿತವಲ್ಲ.

ಇದರಿಂದ ಭಾಗಗಳನ್ನು ಆರಿಸುವ ಕ್ರಮವು ತಾನಾಗಿಯೇ ಸಿದ್ಧವಾಗುತ್ತದೆ. ಮಲೆನಾಡಿನ ಸವಾರನು ಮೊದಲು ಇಳಿದ ಗೇರನ್ನು, ಎರಡನೆಯದಾಗಿ ಮಳೆಯಲ್ಲಿ ಹಿಡಿಯುವ ಬ್ರೇಕನ್ನು, ಮೂರನೆಯದಾಗಿ ಸಲೀಸಾಗಿ ಉರುಳುವ, ಸುಲಭವಾಗಿ ತೂತಾಗದ ಟೈರನ್ನು ನೋಡಿಕೊಳ್ಳಬೇಕು. ಬಳಿಕ ಹಣವುಳಿದರೆ ರಿಮ್ಮು, ಆಮೇಲೆ ಉಳಿದ ಭಾಗಗಳು. ಮಡ್‌ಗಾರ್ಡು, ಕ್ಯಾರಿಯರು, ದೀಪ ಇವುಗಳನ್ನು ತೂಕದ ನೆಪದಿಂದ ಕಳಚಿಹಾಕುವುದು ಪಾರ್ಚ್‌ಮೆಂಟಿನ ಹೊಟ್ಟನ್ನು ಘಟ್ಟದ ಮೇಲೆಯೇ ಬಿಡಿಸಿದಂತೆ. ಭಾರವು ಇಳಿಯಿತೆಂಬುದು ನಿಜವಾದರೂ ಕಾಯುವ ಕವಚವು ಹೋಯಿತು.

ಭಾರವು ರಸ್ತೆಯ ಪ್ರಶ್ನೆಯೂ ಹೌದೆಂಬುದನ್ನು ಇತ್ತೀಚಿನ ಚರಿತ್ರೆಯೇ ತೋರಿಸಿದೆ. ೨೦೧೯ರ ಆಗಸ್ಟ್ ತಿಂಗಳಿನಲ್ಲಿ ಅತಿವೃಷ್ಟಿಯಿಂದ ಚಾರ್ಮಾಡಿಯಲ್ಲಿ ಹಲವೆಡೆ ಗುಡ್ಡ ಕುಸಿದು ಸಂಚಾರವು ನಿಂತಿತು. ದಾರಿಯು ಮತ್ತೆ ತೆರೆದ ಮೇಲೆಯೂ ಭಾರಿ ವಾಹನಗಳಿಗೆ ಬಹುಕಾಲ ನಿರ್ಬಂಧವಿದ್ದಿತು. ಘಟ್ಟವು ಎಷ್ಟು ಭಾರವನ್ನು ಹೊರಬಲ್ಲದೆಂಬುದನ್ನು ಮರೆತವರಿಗೆ ಘಟ್ಟವೇ ನೆನಪಿಸಿತು.

೬

ಹಾಗಾದರೆ ಸೈಕಲ್ಲಿನ ಭಾರವನ್ನು ಇಳಿಸುವುದು ವ್ಯರ್ಥವೇ? ಅಲ್ಲ. ಆದರೆ ಅದರ ಪ್ರಯೋಜನವು ಯಾರಿಗೆ ಅತ್ಯಧಿಕವೆಂಬುದನ್ನು ವಿಚಾರಿಸಿದರೆ, ಉತ್ತರವು ಪೇಟೆಯ ರೂಢಿಗೆ ವಿರುದ್ಧವಾಗಿರುತ್ತದೆ. ಸ್ವಾತಂತ್ರ್ಯಾನಂತರ ನಮ್ಮ ದೇಶದಲ್ಲಿ ಮದರಾಸಿನ ಟಿ.ಐ. ಸೈಕಲ್ಸ್ (೧೯೪೯), ಸೋನಿಪತ್ತಿನ ಅಟ್ಲಾಸ್ (೧೯೫೧), ಲೂಧಿಯಾನದ ಹೀರೊ (೧೯೫೬) ಮೊದಲಾದ ಕಾರ್ಖಾನೆಗಳು ತಲೆಯೆತ್ತಿದಾಗ, ಅವು ಬಹುವಾಗಿ ತಯಾರಿಸಿದುದು ಇಂಗ್ಲಿಷ್ ಮಾದರಿಯ ಗಟ್ಟಿ ಉಕ್ಕಿನ, ಒಂದೇ ಗೇರಿನ ಸೈಕಲ್ಲನ್ನು. ಹಾಲಿನ ಕ್ಯಾನು, ಅಕ್ಕಿಯ ಮೂಟೆ, ಹೆಂಡತಿ ಮಕ್ಕಳನ್ನು ಹೊರುವ ಬಯಲುಸೀಮೆಗೆ ಅದು ಯೋಗ್ಯವಾದ ಯಂತ್ರವೇ ಆಗಿದ್ದಿತು. ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಸೈಕಲ್ಲುಗಳನ್ನು ಹಂಚುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ಕಾಲದಲ್ಲಿ ಆ ಹಂಚಿಕೆಯು ನಿಂತಿತು. ಎಷ್ಟೋ ಬಾಲಿಕೆಯರು ಪ್ರೌಢಶಾಲೆಯ ಮೆಟ್ಟಿಲನ್ನು ಹತ್ತಲು ಸಹಾಯಕವಾದ ಈ ಯೋಜನೆಯ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೊಟ್ಟ ಸೈಕಲ್ಲು ಬಯಲಿಗೂ ಮಲೆನಾಡಿಗೂ ಅದೇ ಒಂದೇ ಗೇರಿನದು.

ಈಗ ಮೇಲಿನ ಲೆಕ್ಕವನ್ನು ಬಾಲಿಕೆಯೊಬ್ಬಳಿಗೆ ಅನ್ವಯಿಸೋಣ. ಅವಳ ತೂಕ ೪೦ ಕಿಲೋಗ್ರಾಂ, ಸೈಕಲ್ಲಿನದು ೧೮ ಎಂದರೆ, ಅವಳು ಏರಿನಲ್ಲಿ ಎತ್ತಬೇಕಾದ ಒಟ್ಟು ಭಾರದಲ್ಲಿ ನೂರಕ್ಕೆ ೩೧ ಪಾಲು ಯಂತ್ರದ್ದೇ. ೭೦ ಕಿಲೋಗ್ರಾಮಿನ ಗೃಹಸ್ಥನು ೮ ಕಿಲೋಗ್ರಾಮಿನ ಸ್ಪರ್ಧಾಸೈಕಲ್ಲನ್ನು ಏರಿದಾಗ ಆ ಪಾಲು ನೂರಕ್ಕೆ ೧೦ ಮಾತ್ರ. ಇನ್ನೂ ಒಂದು ಕಿಲೋಗ್ರಾಮಿಗಾಗಿ ಅವನು ಅಪಾರವಾಗಿ ವ್ಯಯಿಸುತ್ತಾನೆ. ಅವನಿಗೆ ದೊರೆಯುವುದು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಬಾಲಿಕೆಯ ಸೈಕಲ್ಲಿನಲ್ಲಿ ನಾಲ್ಕು ಕಿಲೋಗ್ರಾಂ ಇಳಿಸಿದರೆ ಅವಳಿಗೆ ದೊರೆಯುವುದು ನೂರಕ್ಕೆ ಏಳು. ಅದಕ್ಕೆ ಕಾರ್ಬನ್ನೂ ಬೇಡ, ಟೈಟೇನಿಯಮ್ಮೂ ಬೇಡ. ಅವಳ ಅಳತೆಗೆ ತಕ್ಕ ಚಿಕ್ಕ ಚೌಕಟ್ಟು, ಅಲ್ಯೂಮಿನಿಯಮ್ಮಿನ ರಿಮ್ಮು, ಹಿಂದೆ ಇನ್ನೆರಡು ಮೂರು ಹಲ್ಲುಚಕ್ರ ಇಷ್ಟು ಸಾಕು. ಹಗುರವಾದ ಸೈಕಲ್ಲನ್ನು ಅದರ ಅಗತ್ಯವು ಅತ್ಯಲ್ಪವಾಗಿರುವವರಿಗೆ ಮಾರುತ್ತ, ಅಗತ್ಯವು ಅತ್ಯಧಿಕವಾಗಿರುವವರಿಗೆ ಭಾರವಾದುದನ್ನು ಕೊಡುತ್ತ ಬಂದುದು ಈ ಚರಿತ್ರೆಯ ದೊಡ್ಡ ವೈಚಿತ್ರ್ಯ.

ಒಟ್ಟಿನಲ್ಲಿ, ಹೇರೆತ್ತಿನಿಂದ ಗಾಡಿಗೆ, ಗಾಡಿಯಿಂದ ಸೈಕಲ್ಲಿಗೆ ಬಂದ ಈ ಪರಿಶೀಲನೆಯಿಂದ ನಾವು ತಲಪುವ ನಿರ್ಣಯವು ಇಷ್ಟು: ವಾಹನದ ಭಾರವನ್ನು ಪ್ರತ್ಯೇಕವಾಗಿ ತೂಗಿ ಅದರ ಪ್ರಗತಿಯನ್ನು ಅಳೆಯುವುದು ಯುಕ್ತವಲ್ಲ. ದಾರಿಯ ಏರು, ಹೊರುವವರ ಬಲ, ಹೊರೆಯ ಸ್ವರೂಪ ಇವುಗಳೊಡನೆ ಸೇರಿಸಿಯೇ ಅದನ್ನು ತೂಗಬೇಕು. ಮಲೆನಾಡಿನ ಸೈಕಲ್ಲುಗಳ ಚರಿತ್ರೆಗೆ ಸಾಮಗ್ರಿಯು ಇನ್ನೂ ಚದರಿಹೋಗಿದೆ. ಪುರಸಭೆ, ಪಂಚಾಯಿತಿಗಳು ಹಿಂದೆ ಸೈಕಲ್ಲಿಗೆ ಕೊ‌ಡುತ್ತಿದ್ದ ಪರವಾನಗಿಯ ಬಿಲ್ಲೆಗಳು, ಬಾಡಿಗೆ ಸೈಕಲ್ ಅಂಗಡಿಗಳ ಪುಸ್ತಕಗಳು, ತೋಟಗಳ ಖರ್ಚಿನ ಲೆಕ್ಕಗಳು, ಎಲ್ಲಿಯವರೆಗೆ ತುಳಿದು ಎಲ್ಲಿಂದ ತಳ್ಳುತ್ತಿದ್ದೆವೆಂದು ಹೇಳಬಲ್ಲ ಹಿರಿಯರ ನೆನಪುಗಳು ಇವೆಲ್ಲವೂ ಆಧಾರಗಳೇ. ಮೂಡಿಗೆರೆ, ಕಳಸದ ಕಡೆಯ ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಇವುಗಳನ್ನು ಸಂಗ್ರಹಿಸಿ ತರುವುದಾದರೆ, ಈ ವಿಷಯವನ್ನು ಇನ್ನಷ್ಟು ಭದ್ರವಾದ ತಳಹದಿಯ ಮೇಲೆ ವಿಚಾರಿಸಲು ಸಾಧ್ಯವಾಗುತ್ತದೆ.